ಹನ್ನೊಂದರಲ್ಲಿ ಒಂದು

ಒಂಬತ್ತನೇ ತರಗತಿಯ ಪರೀಕ್ಷೆ ಮುಗಿದ ಕೂಡಲೇ ನಮ್ಮ ಶಾಲೆಯ ಮಕ್ಕಳೆಲ್ಲ ಹದಿನೈದು ದಿನ ಯಾವುದಾದರೊಂದು ಕೆಲಸದ ಜಾಗಕ್ಕೆ ಹೋಗಿ ಬರಬೇಕಿತ್ತು. ಮುಂದೆ ಏನು ಓದುವ ಆಸೆಯಿದೆಯೋ ಅದಕ್ಕೆ ಹೊಂದುವ ಜಾಗವಾಗಿರಬೇಕು. ಕೊನೆಯ ದಿನ ಅಲ್ಲಿಯ ಹಿರಿಯರೊಬ್ಬರು ಕಾಗದ ಬರೆದುಕೊಡಬೇಕು. ಆ ಕಾಗದ ಇಲ್ಲದವರಿಗೆ ಮುಂದೆ ವಿಜ್ಞಾನಕ್ಕೆ ಶಿಫಾರಸು ಸಿಗುತ್ತಿರಲಿಲ್ಲ. ಜೀವಶಾಸ್ತ್ರ ಎಂದವರು ಆಸ್ಪತ್ರೆಗೆ ಹೋದರು. ವಾಣಿಜ್ಯ ಎಂದವರು ಅಪ್ಪಂದಿರ ಅಂಗಡಿಯಲ್ಲೇ ಕುಳಿತರು. ಭೌತಶಾಸ್ತ್ರ ಎಂದು ಬರೆದುಕೊಟ್ಟವಳು ನಾನೊಬ್ಬಳೇ. ನಮ್ಮ ವಿಜ್ಞಾನದ ಸಬೀಹಾ ಟೀಚರ್ ಆ ಚೀಟಿ ಓದಿ, ಶಾಲೆಯ ಮೊಹರು ಹಾಕಿದ ಐದು ಪತ್ರ ನನ್ನ ಕೈಗಿಟ್ಟರು. ಇಷ್ಟು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ, ಎಲ್ಲಿಗೆ ಕಳಿಸಬೇಕೆಂದು ತಮಗೂ ತಿಳಿಯದು, ಬಾಗಿಲು ಬಾಗಿಲಿಗೆ ಹೋಗಿ ನೀನೇ ಕೇಳಬೇಕಾಗುತ್ತದೆ ಎಂದರು.

ಕೇಳಲು ಹೊರಟೆ. ವಿದ್ಯುತ್ ಕಚೇರಿಯ ಎಂಜಿನಿಯರು ಪತ್ರವನ್ನು ಓದದೆ ನನ್ನನ್ನೇ ನೋಡಿ, ಕಂಬ ಹತ್ತುವುದು ಹೆಣ್ಣುಮಕ್ಕಳ ಕೆಲಸವಲ್ಲ ಅಂದರು. ನಾನು ಕಂಬ ಹತ್ತುವುದಿಲ್ಲ, ಮೀಟರು ಓದುವುದನ್ನು ಕಲಿಯುತ್ತೇನೆ ಎಂದೆ. ಕುರ್ಚಿ ಕಡಿಮೆ ಇವೆ ಅಂದರು. ಆಸ್ಪತ್ರೆಯ ಎಕ್ಸ್-ರೇ ಕೋಣೆಗೆ ಹದಿನೆಂಟು ತುಂಬದವರನ್ನು ಬಿಡುವ ಹಾಗಿರಲಿಲ್ಲ; ಅಲ್ಲಿಯ ನರ್ಸ್ ಪಾಪ, ಯಾರದೋ ಮಣಿಕಟ್ಟಿನ ಕೆಟ್ಟುಹೋದ ಫಿಲ್ಮೊಂದನ್ನು ಕೊಟ್ಟು ಕಳಿಸಿದಳು. ಕನ್ನಡಕದ ಅಂಗಡಿಯವರು ತಂಗಿಯ ಮಗನಿಗೆ ಆಗಲೇ ಮಾತು ಕೊಟ್ಟಿದ್ದರು. ರೇಡಿಯೋ ರಿಪೇರಿಯ ಮುದುಕರು ಮಾತ್ರ ನನ್ನನ್ನು ಕೂರಿಸಿ ಚಹಾ ತರಿಸಿದರು. ರೇಡಿಯೋ ತರುವವರೇ ಇಲ್ಲ ತಾಯಿ, ನಾವಿಬ್ಬರೂ ಎದುರುಬದುರು ಕುಳಿತು ಏನನ್ನು ಬಿಚ್ಚೋಣ ಎಂದು ಕೇಳಿದರು. ನಮ್ಮೂರಿನಲ್ಲಿ ಕೆಲವು ದಿನ ಎಲ್ಲದರ ತೂಕವೂ ಇಳಿದುಬಿಡುತ್ತದೆ; ಆ ದಿನ ಊರು ಬಹಳ ಹಗುರವಿತ್ತು. ಹುಡುಗ ಎತ್ತರದಿಂದ ಲೋಟಕ್ಕೆ ಹೊಯ್ದ ಚಹಾ ನಿಧಾನವಾಗಿ, ಎಣ್ಣೆಯ ಹಾಗೆ ಇಳಿಯಿತು. ಮೂಲೆಯ ತಿರುವಿನಲ್ಲಿ ಸೈಕಲ್ಲಿನವರೆಲ್ಲ ಜಾರುವ ಭಯಕ್ಕೆ ಇಳಿದು ತಳ್ಳಿಕೊಂಡು ಹೋಗುತ್ತಿದ್ದರು.

ಮನೆಗೆ ಬಂದಾಗ ಅವ್ವ ಸೀರೆಯೊಂದರ ಅಂಚಿಗೆ ಸೀಸದ ಗುಂಡು ಹೊಲಿಯುತ್ತಿದ್ದಳು. ಹಗುರದ ದಿನಗಳಲ್ಲಿ ಗಾಳಿಗೆ ಸೀರೆ ಹಾರದಿರಲೆಂದು ಊರಿನ ಹೆಂಗಸರೆಲ್ಲ ಹೊಲಿಸುತ್ತಿದ್ದರು. ನಮ್ಮ ಮನೆ ನಡೆಯುತ್ತಿದ್ದದ್ದೇ ಅದರಿಂದ. ನಾಲ್ಕು ಕಡೆಯೂ ಇಲ್ಲವೆಂದರು ಎಂದಾಗ ಅವಳು ಹಲ್ಲಿನಿಂದ ದಾರ ಕಡಿದು, ಎಣಿಕೆ ಕಟ್ಟೆಯ ಸರ್ವಮಂಗಳಮ್ಮನನ್ನು ಕೇಳಿದೆಯಾ ಅಂದಳು. ನಾನು ಹುಟ್ಟಿದಾಗಿನಿಂದ ದಿನಾ ಆ ಕಟ್ಟೆಯ ಮುಂದೆಯೇ ಓಡಾಡಿದವಳು. ಅಲ್ಲಿಯ ಹಲಗೆಯ ಮೇಲೆ ಬರೆದ ಅಂಕಿ ನೋಡಿಯೇ ಶಾಲೆಗೆ ಹೋಗುತ್ತಿದ್ದೆ. ನಮ್ಮ ಶಾಲೆಯ ಉದ್ದಜಿಗಿತದ ದಾಖಲೆಯಲ್ಲೂ ಜಿಗಿತದ ಪಕ್ಕ ಆ ದಿನದ ಎಣಿಕೆ ಬರೆಯಬೇಕಿತ್ತು, ಇಲ್ಲವಾದರೆ ಜಿಗಿತಕ್ಕೆ ಅರ್ಥವಿಲ್ಲ. ಆದರೂ ಅಲ್ಲೊಂದು ಕೆಲಸ ನಡೆಯುತ್ತಿದೆ ಎಂದು ನನಗೆ ತೋಚಿರಲೇ ಇಲ್ಲ.

ಎಣಿಕೆ ಕಟ್ಟೆಯೆಂದರೆ ನಾಲ್ಕು ಕಲ್ಲುಕಂಬ, ಮೇಲೊಂದು ಸೂರು, ಮೂಲೆಯಲ್ಲಿ ಪುಸ್ತಕಗಳ ಕಪಾಟು. ಸೂರಿನ ತೊಲೆಯಿಂದ ಹಿತ್ತಾಳೆಯ ತಂತಿಯಲ್ಲಿ ಒಂದು ಕಬ್ಬಿಣದ ಗುಂಡು ಇಳಿಬಿದ್ದಿರುತ್ತದೆ. ಬೆಳಿಗ್ಗೆ ಏಳಕ್ಕೆ, ಸಂಜೆ ನಾಲ್ಕಕ್ಕೆ ಸರ್ವಮಂಗಳಮ್ಮ ಆ ಗುಂಡನ್ನು ಅಂಗೈಯಗಲ ಸರಿಸಿ ಬಿಟ್ಟು, ಕೀಲಿ ಕೊಡುವ ಗಡಿಯಾರ ನೋಡಿಕೊಂಡು, ಐದು ನಿಮಿಷದಲ್ಲಿ ಅದು ಎಷ್ಟು ಸಲ ಹೋಗಿ ಬಂತೆಂದು ಎಣಿಸುತ್ತಿದ್ದರು. ಸಾಧಾರಣ ದಿನ ನೂರೈವತ್ತು. ಊರು ಹಗುರವಾದಂತೆ ಗುಂಡು ಸೋಮಾರಿಯಾಗುತ್ತದೆ, ಎಣಿಕೆ ಇಳಿಯುತ್ತದೆ. ಸರ್ವಮಂಗಳಮ್ಮನಿಗೆ ಆಗ ಐವತ್ತೆಂಟು ವರ್ಷ. ಗಂಡ ಮಾಡುತ್ತಿದ್ದ ಕೆಲಸ, ಅವರು ತೀರಿಕೊಂಡ ಮೇಲೆ ಪುರಸಭೆಯವರು ಇವರಿಗೇ ಕೊಟ್ಟಿದ್ದರು. ನನ್ನ ಪತ್ರವನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ ಹಿಂದಕ್ಕೆ ಚಾಚಿದರು.

“ಇದರಾಗೆ ಭೌತಶಾಸ್ತ್ರ ಅಂತ ಬರೆದೈತಲ್ಲವ್ವ. ನಾನು ಓದಿರೋದು ಏಳನೇ ಕ್ಲಾಸು. ಎಣಿಸ್ತೀನಿ, ಬರೀತೀನಿ, ಅಷ್ಟೆ. ಅದನ್ನ ಕಲಿಯಕ್ಕೆ ಹದಿನೈದು ದಿನ ಯಾಕೆ, ಹದಿನೈದು ನಿಮಿಷ ಸಾಕು.”

ಹಾಗಾದರೆ ಹದಿನೈದು ನಿಮಿಷ ಕಲಿಸಿ ಎಂದೆ. ಅವರಿಗೆ ನಗು ಬಂತು. ಗುಂಡು ಬಿಟ್ಟು, ಎಣಿಸು ಅಂದರು. ತೊಂಬತ್ತರ ಹತ್ತಿರ ಒಂದು ಎಮ್ಮೆ ಹಾದುಹೋಯಿತು, ನನಗೆ ತಪ್ಪಿತು. ಎರಡನೆಯ ಸಲ ನೂರ ನಲವತ್ಮೂರು ಬಂತು, ಮೂರನೆಯ ಸಲ ನೂರ ನಲವತ್ತೊಂಬತ್ತು. ಸರ್ವಮಂಗಳಮ್ಮ ಬೇಳೆ ಆರಿಸುತ್ತಲೇ ಮೂರು ಸಲವೂ ನೂರ ನಲವತ್ತೇಳು ಎಣಿಸಿದ್ದರು. ನಾಳೆ ಬಾ, ಆದರೆ ಆರೂವರೆಗೆ ಬರಬೇಕು ಅಂದರು.

ನನ್ನ ಎಣಿಕೆ ಅವರ ಎಣಿಕೆಗೆ ಸೇರಲು ನಾಲ್ಕು ದಿನ ಹಿಡಿಯಿತು. ಗುಂಡನ್ನು ತಳ್ಳಬಾರದು, ಸುಮ್ಮನೆ ಬಿಡಬೇಕು. ಎಣಿಸುವಾಗ ತುಟಿ ಅಲ್ಲಾಡಿದರೆ ತಪ್ಪುತ್ತದೆ. ಮೂರು ಸಲ ಎಣಿಸಬೇಕು, ಮೂರೂ ಒಂದೇ ಬರದಿದ್ದರೆ ಮತ್ತೆ ಮೂರು. ಬಂದದ್ದನ್ನು ಮೊದಲು ಪುಸ್ತಕದಲ್ಲಿ ಬರೆದು ಆಮೇಲೆ ಹಲಗೆಗೆ ಬರೆಯಬೇಕು. ಹಲಗೆಯದನ್ನು ಯಾವ ಹುಡುಗರಾದರೂ ಅಳಿಸಿಯಾರು. ಈ ನಡುವೆ ಮುಖ್ಯೋಪಾಧ್ಯಾಯರು ಏಳನೇ ಕ್ಲಾಸಿನವರ ಕಾಗದ ನಡೆಯುವುದಿಲ್ಲ ಎಂದು ತಕರಾರು ತೆಗೆದರು. ಸಬೀಹಾ ಟೀಚರ್ ಒಂದು ಬೆಳಿಗ್ಗೆ ತಾವೇ ಕಟ್ಟೆಗೆ ಬಂದರು. ಸರ್ವಮಂಗಳಮ್ಮ ಸಂಕೋಚದಿಂದ ಬೆಂಚು ಒರೆಸಿದರೆ ಟೀಚರ್ ಕೂರಲಿಲ್ಲ. ಗುಂಡು ನಿಲ್ಲುವವರೆಗೂ ನಿಂತೇ ನೋಡಿದರು. ಹದಿನಾಲ್ಕು ವರ್ಷದಿಂದ ಈ ಪಾಠವನ್ನು ಸೀಮೆಸುಣ್ಣದಲ್ಲಿ ಚಿತ್ರ ಬರೆದು ಮಾಡಿದ್ದೇನೆ, ಒಂದು ದಿನವಾದರೂ ಮಕ್ಕಳನ್ನು ಇಲ್ಲಿಗೆ ಕರೆತರಲಿಲ್ಲವಲ್ಲ ಎಂದು ಮೆಲ್ಲಗೆ ಅಂದುಕೊಂಡರು. ಅವರು ಮುಖ್ಯೋಪಾಧ್ಯಾಯರಿಗೆ ಏನು ಹೇಳಿದರೋ, ತಕರಾರು ಅಲ್ಲಿಗೆ ಮುಗಿಯಿತು.

ಕಟ್ಟೆಯ ಎದುರಿಗೆ, ರಸ್ತೆಯ ಆಚೆ, ಬಸಲಿಂಗಪ್ಪಜ್ಜನ ಒಂಟಿ ಕೋಣೆ. ಅವರು ಗಾರೆ ಕೆಲಸದವರು. ಕಟ್ಟೆಯ ಹಿಂದಿನಿಂದ ಮೇಲಿನ ಕೇರಿಗೆ ಹತ್ತುವ ತೊಂಬತ್ತಾರು ಮೆಟ್ಟಿಲನ್ನು ಹರೆಯದಲ್ಲಿ ಕಟ್ಟಿದವರು ಅವರೇ. ಆರು ವರ್ಷದ ಹಿಂದೆ ಗೋಡೆ ಕಟ್ಟುವಾಗ ಸಾರ್ವೆಯ ಅಟ್ಟಣಿಗೆಯಿಂದ ಬಿದ್ದು ಕಾಲಿನ ಶಕ್ತಿ ಹೋಗಿತ್ತು. ಎಣಿಕೆ ನೂರ ಇಪ್ಪತ್ತೈದಕ್ಕಿಂತ ಕೆಳಗಿಳಿದ ದಿನಗಳಲ್ಲಿ ಮಾತ್ರ ಕೋಲು ಹಿಡಿದು ಎದ್ದು ನಿಲ್ಲುವರು. ಓಣಿಯ ಕೊನೆಯವರೆಗೆ ನಡೆದು, ಗೋಡೆಗಳನ್ನು ತಟ್ಟಿ ನೋಡಿ ಬರುವರು. ಮಿಕ್ಕ ದಿನ ಕಿಟಕಿಯಲ್ಲಿ ಕುಳಿತಿರುವರು. ಪ್ರತಿ ಬೆಳಿಗ್ಗೆ ನಾವು ಹಲಗೆಗೆ ಬರೆಯುವ ಮೊದಲೇ ಅವರ ದನಿ ಬರುತ್ತಿತ್ತು, ಎಷ್ಟು ಅಂತ. ಸರ್ವಮಂಗಳಮ್ಮ ಅಂಕಿಯನ್ನಷ್ಟೇ ಹೇಳುತ್ತಿದ್ದರು. ಅವರು ಸರಿ ಎನ್ನುತ್ತಿದ್ದರು.

ಅವರ ಮಗಳು ಗಂಗವ್ವ ಮೇಲಿನ ಕೇರಿಯಲ್ಲಿದ್ದಳು. ಎರಡು ವರ್ಷದ ಹಿಂದೆ ಸ್ವಂತ ಮನೆ ಕಟ್ಟಿಸಿದ್ದಳು. ದಿನಾ ಸಂಜೆ ಬುತ್ತಿ ತಂದು, ಬಂದು ನನ್ನ ಜೊತೆಗಿರು ಎಂದು ಕರೆಯುವಳು. ಊರಿಗೆಲ್ಲ ಮನೆ ಕಟ್ಟಿದ ಬಸಲಿಂಗಪ್ಪಜ್ಜ ಮಗಳ ಮನೆಯನ್ನು ಒಮ್ಮೆಯೂ ನೋಡಿರಲಿಲ್ಲ. ಗೃಹಪ್ರವೇಶದ ದಿನ ನೂರೈವತ್ತೆರಡು ಇತ್ತು. ಅಳಿಯ ಹೊತ್ತೊಯ್ಯಲು ಕುರ್ಚಿಗೆ ಬಿದಿರಿನ ಗಳು ಕಟ್ಟಿ ತಂದಿದ್ದನಂತೆ, ಅಜ್ಜ ಕೂರಲಿಲ್ಲ. ಹಗುರದ ದಿನ ನಾನೇ ಹತ್ತಿ ಬರುತ್ತೇನೆ ಎಂದಿದ್ದರು. ಆದರೆ ಯಾವ ದಿನ ಎಷ್ಟು ಇಳಿಯುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂದು ಮೊದಲೇ ತಿಳಿಯದೆ ತೊಂಬತ್ತಾರು ಮೆಟ್ಟಿಲಿಗೆ ಹೊರಡುವ ಧೈರ್ಯ ಅವರಿಗೆ ಬಂದಿರಲಿಲ್ಲ.

ಬಿಡುವಿನ ಹೊತ್ತಿನಲ್ಲಿ ನಾನು ಹಳೆಯ ಪುಸ್ತಕಗಳನ್ನು ತೆಗೆದು ಕೂರುತ್ತಿದ್ದೆ. ಸರ್ವಮಂಗಳಮ್ಮನ ಕೈಬರಹದಲ್ಲಿ ಇಪ್ಪತ್ತೆರಡು ವರ್ಷದ ಎಣಿಕೆ ಇತ್ತು. ಮೊದಮೊದಲು ಅದರಲ್ಲಿ ಏನೂ ಕಾಣಲಿಲ್ಲ. ಎರಡನೆಯ ವಾರದ ಸೋಮವಾರ, ಕಳೆದ ಆರು ತಿಂಗಳ ಹಾಳೆಗಳನ್ನು ನೋಡುವಾಗ, ನೂರ ಇಪ್ಪತ್ತೈದಕ್ಕಿಂತ ಇಳಿದ ದಿನಗಳಿಗೆಲ್ಲ ಪೆನ್ಸಿಲಿನಲ್ಲಿ ಚುಕ್ಕೆ ಇಡುತ್ತ ಹೋದೆ. ಹನ್ನೊಂದು ಚುಕ್ಕೆ. ಒಂದರಿಂದ ಇನ್ನೊಂದಕ್ಕೆ ಹದಿನೇಳು ದಿನ. ಮತ್ತೆ ಎಣಿಸಿದೆ, ಹದಿನೇಳೇ. ಮುಂದಿನದು ಆ ವಾರದ ಗುರುವಾರಕ್ಕೆ ಬೀಳುತ್ತಿತ್ತು. ಪುಸ್ತಕವನ್ನು ಹಾಗೆಯೇ ಎತ್ತಿಕೊಂಡು ಎದ್ದೆ. ಸರ್ವಮಂಗಳಮ್ಮನಿಗೆ ತೋರಿಸಿದೆ. ಅವರು ಚುಕ್ಕೆಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ಬಂದರು. ಚೆನ್ನಾಗಿ ಕಂಡಿದ್ದೀಯ, ಇಷ್ಟು ವರ್ಷ ನನಗೆ ಕಾಣಲಿಲ್ಲ ಅಂದರು. ಆಮೇಲೆ ಪುಸ್ತಕ ಮುಚ್ಚಿದರು.

“ಆದ್ರೆ ಯಾರಿಗೂ ಹೇಳ್ಬ್ಯಾಡ. ಬಂದದ್ದನ್ನ ಬರಿಯೋದು ನಮ್ಮ ಕೆಲಸ. ಬರೋದನ್ನ ಹೇಳಿದ್ರೆ ಜನ ಅದ್ನ ನಂಬಿ ಹೆಜ್ಜೆ ಇಡ್ತಾರೆ.”

ನಾನು ಒಪ್ಪಿದೆ. ಎರಡು ದಿನ ಹೇಳಲಿಲ್ಲ. ಬುಧವಾರ ಮಧ್ಯಾಹ್ನ ಬಸಲಿಂಗಪ್ಪಜ್ಜನಿಗೆ ಕುಡಿಯಲು ನೀರು ಕೊಡಲು ಹೋದವಳು, ಅವರು ಕಿಟಕಿಯಿಂದ ಮೆಟ್ಟಿಲಿನ ಕಡೆ ನೋಡುತ್ತ, ಅರವತ್ತನೆಯ ಮೆಟ್ಟಿಲಿನ ಕಲ್ಲು ಸೀಳಿರಬೇಕು, ಆಗಲೇ ಬದಲಾಯಿಸಬೇಕಿತ್ತು ಎಂದು ಹೇಳುತ್ತಿದ್ದಾಗ ತಡೆಯಲಾಗದೆ ಹೇಳಿಬಿಟ್ಟೆ. ನಾಳೆ ಇಳಿಯುತ್ತದೆ ಅಜ್ಜ, ಮಧ್ಯಾಹ್ನದವರೆಗೂ ಇರುತ್ತದೆ. ಅವರು ತಿರುಗಿ ನನ್ನನ್ನು ನೋಡಿ, ಪುಸ್ತಕದಾಗೆ ಐತಾ ಎಂದು ಕೇಳಿದರು. ಇದೆ, ಹನ್ನೊಂದು ಸಲ ಹೀಗೇ ಆಗಿದೆ ಎಂದೆ.

ಅದು ಪೂರ್ತಿ ನಿಜವಾಗಿರಲಿಲ್ಲ. ಪುಸ್ತಕದ ಅಂಚಿನ ಟಿಪ್ಪಣಿಗಳ ಪ್ರಕಾರ ಹತ್ತು ಸಲ ಹಗುರ ಮಧ್ಯಾಹ್ನದವರೆಗೆ ನಿಂತಿತ್ತು. ಒಂದು ಸಲ, ಏಳನೆಯ ಚುಕ್ಕೆಯ ಎದುರಿಗೆ, ಸರ್ವಮಂಗಳಮ್ಮ ಅಂಚಿನಲ್ಲಿ ಸಣ್ಣಗೆ ಬರೆದಿದ್ದರು: ಎಂಟೂವರೆಗೇ ಭಾರ ತಿರುಗಿತು. ನಾನು ಅದನ್ನು ಓದಿದ್ದೆ. ಅಜ್ಜನ ಮುಖ ನೋಡಿದಾಗ ಅದನ್ನು ಹೇಳುವುದು ಬೇಡವೆನ್ನಿಸಿತು. ಹನ್ನೊಂದರಲ್ಲಿ ಒಂದು, ಅಷ್ಟೇ ತಾನೆ ಎಂದುಕೊಂಡೆ.

ಗುರುವಾರ ಬೆಳಿಗ್ಗೆ ಮನೆಯಿಂದ ಹೊರಗೆ ಕಾಲಿಟ್ಟಾಗಲೇ ಗೊತ್ತಾಯಿತು. ಹೆಜ್ಜೆ ತಾನಾಗಿ ಮೇಲೇಳುತ್ತಿತ್ತು. ಏಳಕ್ಕೆ ಮೂರು ಸಲ ಎಣಿಸಿದೆವು, ಮೂರು ಸಲವೂ ನೂರ ಇಪ್ಪತ್ತೆರಡು. ಹೇಳಲು ಕಿಟಕಿಯ ಕಡೆ ತಿರುಗಿದರೆ ಬಸಲಿಂಗಪ್ಪಜ್ಜ ಕಿಟಕಿಯಲ್ಲಿರಲಿಲ್ಲ. ಹೊಸಿಲ ಮೇಲೆ ನಿಂತಿದ್ದರು. ಒಗೆದ ಪಂಚೆ, ಬಿಳಿ ರುಮಾಲು, ಕೈಯಲ್ಲಿ ಕೋಲು. ಸರ್ವಮಂಗಳಮ್ಮ ಅವರನ್ನು ನೋಡಿದರು, ನನ್ನನ್ನು ನೋಡಿದರು. ಎಷ್ಟು ಹೊತ್ತಿನವರೆಗೆ ಅಂತ ಹೇಳಿದ್ದೀಯ ಎಂದು ಕೇಳಿದರು. ಮಧ್ಯಾಹ್ನ ಎಂದೆ. ಅವರು ಬೈಯಲಿಲ್ಲ. ಹೋಗು, ಅವರ ಜೊತೆಗಿರು ಅಂದರು.

ಅಜ್ಜ ಬಹಳ ನಿಧಾನವಾಗಿ ಹತ್ತಿದರು. ಪ್ರತಿ ಮೆಟ್ಟಿಲಿನ ಗುರುತು ಅವರಿಗಿತ್ತು. ಈ ಕಲ್ಲು ಹೊಳೆಯ ಆಚೆಯಿಂದ ತಂದದ್ದು, ಈ ಮೂಲೆ ಒಡೆದದ್ದು ಮೊದಲ ವರ್ಷವೇ, ಇಲ್ಲಿ ಗಂಗಿ ಆಡುತ್ತ ಹಸಿ ಗಾರೆಯ ಮೇಲೆ ಕಾಲಿಟ್ಟಿದ್ದಳು ಎಂದು ತೋರಿಸಿದರು. ನಿಜವಾಗಿಯೂ ಅಲ್ಲೊಂದು ಪುಟ್ಟ ಹೆಜ್ಜೆಯ ಗುರುತಿತ್ತು. ಹತ್ತು ಮೆಟ್ಟಿಲಿಗೊಮ್ಮೆ ನಿಂತು ಉಸಿರು ತೆಗೆದುಕೊಂಡು, ನಕ್ಕು ಮತ್ತೆ ಹತ್ತುತ್ತಿದ್ದರು. ಇಕ್ಕೆಲದ ಮನೆಗಳವರು ಬಾಗಿಲಿಗೆ ಬಂದು ಮಾತಾಡಿಸಿದರು. ಐವತ್ತೆಂಟನೆಯ ಮೆಟ್ಟಿಲಿನಲ್ಲಿ ನನ್ನ ಚೀಲದ ಪಟ್ಟಿ ಹೆಗಲನ್ನು ಒತ್ತತೊಡಗಿತು. ತಲೆಯೆತ್ತಿ ನೋಡಿದೆ. ಮೆಟ್ಟಿಲಿನುದ್ದಕ್ಕೂ ಕಟ್ಟಿದ್ದ ಹಗ್ಗಗಳ ಮೇಲೆ ಉಬ್ಬಿಕೊಂಡು ಆಡುತ್ತಿದ್ದ ಬಟ್ಟೆಗಳು ಒಂದೊಂದಾಗಿ ಜೋತುಬಿದ್ದವು. ಬಿಂದಿಗೆ ಹೊತ್ತಿದ್ದ ಹೆಂಗಸೊಬ್ಬಳು ಅದನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿದಳು. ಅಜ್ಜನ ಕೋಲು ನಡುಗಿತು. ನಾನು ತೋಳು ಹಿಡಿಯುವಷ್ಟರಲ್ಲಿ ಅವರು ಮೆಟ್ಟಿಲ ಮೇಲೆ ಕುಸಿದು ಕುಳಿತಿದ್ದರು. ಗಂಟೆ ಎಂಟೂವರೆ ಆಗಿತ್ತು.

ಜನ ಸೇರಿದರು. ಯಾರೋ ಕುರ್ಚಿ ತಂದರು, ಗಳು ತರಲು ಓಡಿದರು. ಅಜ್ಜ ಬೇಡವೆಂದು ಕೈ ಮಾಡಿದರು. ಮನುಷ್ಯನನ್ನು ನಾಲ್ಕು ಜನ ಹೊರುವುದು ಒಂದೇ ಸಲ, ಅದು ಇವತ್ತಲ್ಲ ಎಂದರು. ಮೇಲಕ್ಕೆ ಇನ್ನೂ ಮೂವತ್ತೆಂಟು ಮೆಟ್ಟಿಲು, ಕೆಳಕ್ಕೆ ಐವತ್ತೆಂಟು. ಅವರ ಹಣೆಯ ಬೆವರು ರುಮಾಲನ್ನು ನೆನೆಸಿತ್ತು. ನಾನು ಅವರ ಕೆಳಗಿನ ಮೆಟ್ಟಿಲಿನಲ್ಲಿ ಕುಳಿತುಕೊಂಡೆ. ಅಳು ಬರುತ್ತಿತ್ತು, ಆದರೆ ಅತ್ತರೆ ಅವರೇ ನನ್ನನ್ನು ಸಮಾಧಾನ ಮಾಡಬೇಕಾಗುತ್ತದೆ ಎಂದು ತಡೆದುಕೊಂಡು ಹೇಳಿದೆ. ಹನ್ನೊಂದರಲ್ಲಿ ಒಂದು ಸಲ ಹೀಗೆ ಬೇಗ ಭಾರ ತಿರುಗಿತ್ತು. ನನಗದು ಗೊತ್ತಿತ್ತು. ನಿಮಗೆ ಹೇಳಲಿಲ್ಲ.

ಅವರು ರುಮಾಲು ಬಿಚ್ಚಿ ಮುಖದ ಬೆವರು ಒರೆಸಿಕೊಂಡರು.

“ಹೇಳಿದ್ರೂ ಹೊರಡ್ತಿದ್ದೆ ಕಣವ್ವ,” ಅಂದರು. “ಆದ್ರೆ ಹೇಳ್ಬೇಕಿತ್ತು. ಕಾಲು ನಂದಲ್ವಾ?”

ಅಷ್ಟರಲ್ಲಿ ಸರ್ವಮಂಗಳಮ್ಮ ಸೆರಗು ಸಿಕ್ಕಿಸಿಕೊಂಡು ಹತ್ತಿ ಬಂದರು. ಇಪ್ಪತ್ತೆರಡು ವರ್ಷದಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಅವರು ಲೆಕ್ಕಕ್ಕೆಂದು ಗುಂಡು ಬಿಟ್ಟು ಎಣಿಸಿದ್ದು ಅದೇ ಮೊದಲಂತೆ. ಏದುಸಿರಿನಲ್ಲೇ ಹೇಳಿದರು, ಈಗ ನೂರ ನಲವತ್ತಾರು, ಮತ್ತೆ ಇಳಿಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಬಸಲಿಂಗಪ್ಪಜ್ಜ ನನ್ನ ಕಡೆ ತಿರುಗಿ, ನೀನು ಏನು ಹೇಳುತ್ತೀಯ ಎಂದು ಕೇಳಿದರು. ನನಗೂ ಗೊತ್ತಿಲ್ಲ ಎಂದೆ. ಈಗ ಸರಿಯಾಗಿ ಹೇಳಿದೆ ನೋಡು ಎಂದು ಅವರು ಕೋಲನ್ನು ನನ್ನ ಕೈಗೆ ಕೊಟ್ಟರು.

ಆಮೇಲೆ ಅವರು ಮಾಡಿದ್ದನ್ನು ಆ ಕೇರಿಯವರು ಇವತ್ತಿಗೂ ಹೇಳುತ್ತಾರೆ. ಮೆಟ್ಟಿಲಿಗೆ ಬೆನ್ನು ಮಾಡಿ ಕುಳಿತರು. ಎರಡೂ ಅಂಗೈಯನ್ನು ಮೇಲಿನ ಮೆಟ್ಟಿಲಿಗೆ ಊರಿ, ನಲವತ್ತು ವರ್ಷ ಕಲ್ಲು ಎತ್ತಿದ ತೋಳುಗಳಿಂದ ಮೈಯನ್ನು ಎತ್ತಿ ಮೇಲಿನ ಮೆಟ್ಟಿಲಿನಲ್ಲಿಟ್ಟರು. ಕಾಲುಗಳನ್ನು ಕೈಯಿಂದಲೇ ಎಳೆದುಕೊಂಡರು. ಒಂದು ಮೆಟ್ಟಿಲು. ಮತ್ತೆ ಅಂಗೈ ಊರಿದರು. ಕುರ್ಚಿ ತಂದವನು ಕುರ್ಚಿಯನ್ನು ಗೋಡೆಗೆ ಒರಗಿಸಿಟ್ಟು, ಮನೆಯೊಳಗೆ ಹೋಗಿ ಗೋಣಿಚೀಲ ತಂದು ಮುಂದಿನ ಮೆಟ್ಟಿಲಿಗೆ ಹಾಸಿದ. ಅದನ್ನು ನೋಡಿ ಒಬ್ಬಳು ಕೌದಿ ತಂದಳು, ಮತ್ತೊಬ್ಬಳು ಮಡಿಸಿದ ಜಮಖಾನ. ಅಜ್ಜ ದಾಟಿದ ಮೆಟ್ಟಿಲಿನದನ್ನು ಕೇರಿಯವರು ತೆಗೆದು ಮೇಲಕ್ಕೆ ಹಾಸುತ್ತ ಹೋದರು. ಯಾರೂ ಅವರನ್ನು ಮುಟ್ಟಲಿಲ್ಲ. ಸರ್ವಮಂಗಳಮ್ಮ ಒಂದು ಮೆಟ್ಟಿಲು ಕೆಳಗೆ, ಎರಡೂ ಕೈ ಮುಂದೆ ಚಾಚಿಕೊಂಡು, ಮಗು ನಡೆಯಲು ಕಲಿಯುವಾಗ ತಾಯಂದಿರು ಬರುವ ಹಾಗೆ ಬರುತ್ತಿದ್ದರು.

ಎಪ್ಪತ್ತನೆಯ ಮೆಟ್ಟಿಲಿನ ಹೊತ್ತಿಗೆ ಗಂಗವ್ವ ಸುದ್ದಿ ತಿಳಿದು ಮೇಲಿನಿಂದ ಓಡಿ ಬಂದಳು. ಅಪ್ಪನನ್ನು ಕಂಡು ಬಾಯಿಗೆ ಸೆರಗು ಒತ್ತಿಕೊಂಡಳು. ಅವರು ತಲೆ ತಿರುಗಿಸದೆಯೇ, ಇಲ್ಲಿ ಏನು ನೋಡುತ್ತೀಯ, ಹೋಗಿ ಒಲೆ ಹಚ್ಚು, ನೆಂಟ ಬರುತ್ತಿದ್ದಾನೆ ಅಂದರು. ಅವಳು ಅಳುತ್ತಲೇ ತಿರುಗಿ ಹೋದಳು, ನಿಜವಾಗಿಯೂ ಒಲೆ ಹಚ್ಚಲು.

ತೊಂಬತ್ತಾರನೆಯ ಮೆಟ್ಟಿಲು ಮುಟ್ಟಿದಾಗ ಹನ್ನೊಂದು ದಾಟಿತ್ತು. ಗಂಗವ್ವನ ಮನೆ ಅಲ್ಲಿಂದ ನಾಲ್ಕು ಮಾರು ದೂರ. ಅದನ್ನೂ ಹಾಗೆಯೇ ಕ್ರಮಿಸಿ, ಜಗಲಿಗೆ ಬೆನ್ನು ಕೊಟ್ಟು ಕುಳಿತು ಕಣ್ಣು ಮುಚ್ಚಿದರು. ಅಂಗೈ ಎರಡೂ ಸುಲಿದಿದ್ದವು. ಗಂಗವ್ವ ತುಪ್ಪ ತಂದು ಸವರಲು ಬಂದರೆ ತಾಳು ಎಂದು, ಸೊಂಟದ ಚೀಲದಿಂದ ಗೋಡೆಯ ನೇರ ನೋಡುವ ತೂಗುಗುಂಡು ತೆಗೆದು, ದಾರ ಹಿಡಿದು ಬಾಗಿಲ ಚೌಕಟ್ಟಿನ ಪಕ್ಕ ಇಳಿಬಿಟ್ಟರು. ಗುಂಡು ಆಡಿ ಆಡಿ ನಿಂತಿತು. ಬಾಗಿಲು ಎಡಕ್ಕೆ ಒಂದು ಅಕ್ಕಿಕಾಳಿನಷ್ಟು ವಾಲಿದೆ ಅಂದರು. ನನಗೆ ಗೊತ್ತಿತ್ತು, ಕಟ್ಟುವವನಿಗೆ ಆಗಲೇ ಹೇಳಿದ್ದೆ, ಅವನು ಕೇಳಲಿಲ್ಲ ಎಂದಳು ಗಂಗವ್ವ. ನಿನಗೆ ಕಂಡಿತ್ತಾ ಎಂದು ಅವರು ಮಗಳ ಮುಖವನ್ನು ಎಷ್ಟೋ ಹೊತ್ತು ನೋಡಿದರು. ಆಮೇಲೆ ಎರಡೂ ಕೈಯನ್ನು ತುಪ್ಪಕ್ಕೆ ಒಡ್ಡಿದರು.

ಅಂದು ನಾವೆಲ್ಲ ಅಲ್ಲಿಯೇ ಉಂಡೆವು. ಕೈ ಸುಲಿದಿದ್ದರಿಂದ ಅಜ್ಜನಿಗೆ ಗಂಗವ್ವನೇ ಉಣ್ಣಿಸಿದಳು. ಅವರು ಮತ್ತೆ ಕೆಳಗಿನ ಕೋಣೆಗೆ ಬರಲಿಲ್ಲ. ನೋಡದ ಮನೆಯಲ್ಲಿ ಹೇಗಿರಲಿ ಎನ್ನುತ್ತಿದ್ದವರು, ನೋಡಿದ ಮೇಲೆ ಅಲ್ಲಿಯೇ ಉಳಿದರು. ಮುಂದಿನ ತಿಂಗಳು ಕುಳಿತಲ್ಲಿಂದಲೇ ಹೇಳಿಕೊಟ್ಟು, ಅಳಿಯನ ಕೈಯಿಂದ ಬಾಗಿಲಿನ ಚೌಕಟ್ಟು ಕೀಳಿಸಿ ಮತ್ತೆ ಕೂರಿಸಿದರಂತೆ.

ಅಂದು ಊಟವಾದ ಮೇಲೆ ನಾನು, ಸರ್ವಮಂಗಳಮ್ಮ ಮೆಟ್ಟಿಲಿಳಿದು ಕಟ್ಟೆಗೆ ಬಂದೆವು. ದಾರಿಯುದ್ದಕ್ಕೂ ಅವರು ನನಗಿಂತ ಹತ್ತು ಮೆಟ್ಟಿಲು ಮುಂದೆಯೇ ಇಳಿದರು. ನಾಳೆಯಿಂದ ಬರಬೇಡ ಎನ್ನುತ್ತಾರೆ, ಕಾಗದವೂ ಇಲ್ಲ, ವಿಜ್ಞಾನವೂ ಇಲ್ಲ ಎಂದುಕೊಂಡೆ. ನನಗೆ ಅದು ತಕ್ಕದ್ದೇ ಎಂದೂ ಅನ್ನಿಸಿತು. ಅವರು ಪುಸ್ತಕ ತೆಗೆದು ನನ್ನ ಮುಂದಿಟ್ಟು ಪೆನ್ನು ಕೊಟ್ಟರು. ನೀನು ಏನೆಂದು ಹೇಳಿದ್ದೆ, ಏನು ಬಂತು, ಎರಡನ್ನೂ ಬರಿ ಅಂದರು. ತಪ್ಪನ್ನು ಪುಸ್ತಕದಲ್ಲಿ ಬರೆಯುವುದೇ ಎಂದು ಕೇಳಿದೆ.

“ತಪ್ಪೂ ಬಂದದ್ದೇ ಅಲ್ವೇನವ್ವ,” ಅಂದರು.

ಬರೆದೆ. ಮಧ್ಯಾಹ್ನದವರೆಗೆ ಹಗುರವಿರುತ್ತದೆಂದು ಪಾರಿಜಾತ ಹೇಳಿದ್ದಳು. ಎಂಟೂವರೆಗೆ ಭಾರ ತಿರುಗಿತು. ಮೊದಲೊಮ್ಮೆ ಹೀಗಾದದ್ದು ಅವಳಿಗೆ ತಿಳಿದಿತ್ತು. ನನ್ನ ಹೆಸರನ್ನು ಆ ಪುಸ್ತಕದಲ್ಲಿ ನಾನು ಬರೆದದ್ದು ಅದೇ ಮೊದಲು. ಅವರು ಓದಿ ನೋಡಿ, ಶಾಯಿ ಒಣಗಲು ಬಿಟ್ಟು, ನಾಲ್ಕರ ಎಣಿಕೆಗೆ ಗಡಿಯಾರಕ್ಕೆ ಕೀಲಿ ಕೊಡತೊಡಗಿದರು.

ಕೊನೆಯ ದಿನ ಶಾಲೆಯ ಕಾಗದವನ್ನು ಬರೆದುಕೊಟ್ಟರು. ನಾಲ್ಕು ಸಾಲು. ಈ ಹುಡುಗಿ ಹೊತ್ತಿಗೆ ಸರಿಯಾಗಿ ಬಂದಳು, ಚೆನ್ನಾಗಿ ಎಣಿಸುತ್ತಾಳೆ, ಹದಿನೇಳು ದಿನದ ಲೆಕ್ಕ ಕಂಡುಹಿಡಿದಳು, ತಪ್ಪಾದಾಗ ಬರೆದಳು. ಸಬೀಹಾ ಟೀಚರ್ ಅದನ್ನು ಶಾಲೆಯ ಕಡತಕ್ಕೆ ಸೇರಿಸುವ ಮೊದಲು ತಮಗಾಗಿ ಒಂದು ನಕಲು ಮಾಡಿಕೊಂಡರು. ನನಗೆ ವಿಜ್ಞಾನ ಸಿಕ್ಕಿತು. ಆದರೆ ಆ ಕೊನೆಯ ದಿನದಲ್ಲಿ ನನಗೆ ಹೆಚ್ಚು ನೆನಪಿರುವುದು ಬೇರೊಂದು.

ಕಾಗದ ಕೊಟ್ಟ ಮೇಲೆ ಸರ್ವಮಂಗಳಮ್ಮ ಸ್ವಲ್ಪ ಹಿಂದೆಮುಂದೆ ನೋಡಿ, ನಿಮ್ಮ ಶಾಲೆಯ ಪುಸ್ತಕದಲ್ಲಿ ಈ ಗುಂಡಿನ ಪಾಠ ಇದೆಯಂತಲ್ಲ, ತಂದಿದ್ದೀಯಾ ಎಂದು ಕೇಳಿದರು. ಚೀಲದಲ್ಲಿತ್ತು. ಇಬ್ಬರೂ ಕಟ್ಟೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತೆವು. ಅವರು ಬೆರಳಿಟ್ಟುಕೊಂಡು ಗಟ್ಟಿಯಾಗಿ, ಪದ ಪದವಾಗಿ ಓದಿದರು. ಗುಂಡು ಎಷ್ಟು ಭಾರವಿದ್ದರೂ ಎಣಿಕೆ ಬದಲಾಗುವುದಿಲ್ಲ ಎಂಬಲ್ಲಿ ತಲೆಯಾಡಿಸಿದರು. ಒಮ್ಮೆ ಗುಂಡು ತುಕ್ಕು ಹಿಡಿದು ಹೊಸದು ಹಾಕಿದಾಗ ಅದು ಅವರಿಗೆ ಗೊತ್ತಾಗಿತ್ತಂತೆ. ದಾರ ಉದ್ದವಾದರೆ ಗುಂಡು ನಿಧಾನವಾಗುತ್ತದೆ ಎಂಬಲ್ಲಿ ಬೆರಳು ನಿಂತಿತು. ಅದೇ ಸಾಲನ್ನು ಮತ್ತೆ ಓದಿದರು. ಎಷ್ಟು ಉದ್ದವಾದರೆ ಎಂದು ಕೇಳಿದರು. ನಾನು ಕಾಗದದ ಮೇಲೆ ಲೆಕ್ಕ ಮಾಡಿ, ಮೂರು ಬೆರಳು ಉದ್ದವಾದರೆ ಮೂರೋ ನಾಲ್ಕೋ ಎಣಿಕೆ ಕಡಿಮೆ ಬರುತ್ತದೆ ಎಂದೆ.

ಅವರು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ತೊಲೆಗೆ ಕಟ್ಟಿದ ತಂತಿಯನ್ನು ತಲೆಯೆತ್ತಿ ನೋಡಿದರು. ಆಮೇಲೆ ಹೇಳಿದರು. ಗಂಡ ತೀರಿಕೊಂಡ ಒಂಬತ್ತನೆಯ ದಿನ ಅವರು ಮೊದಲ ಸಲ ಇಲ್ಲಿಗೆ ಬಂದಾಗ ಹಳೆಯ ದಾರ ಹರಿದು ಗುಂಡು ನೆಲದ ಮೇಲಿತ್ತು. ಹೊಸ ದಾರ ತಂದು ಕೈಗೆ ಬಂದಷ್ಟು ಬಿಟ್ಟು ಗಂಟು ಹಾಕಿದರು. ಎಂಟು ತಿಂಗಳ ನಂತರ ಪುರಸಭೆಯವರು ಅಳತೆಯ ಹಿತ್ತಾಳೆ ತಂತಿ ಹಾಕಿಸಿದರು. ಆ ಎಂಟು ತಿಂಗಳು ಎಣಿಕೆ ದಿನಾ ಮೂರು ನಾಲ್ಕು ಕಡಿಮೆಯೇ ಇತ್ತು.

“ಅವ್ರು ಹೋದ ವರ್ಷ ಊರೇ ಹಗುರ ಆಗಿತ್ತು ಅಂತ ಎಲ್ರಿಗೂ ಹೇಳ್ಕೊಂಡು ಬಂದೀನಿ,” ಅಂದರು. “ಅವ್ರೇ ಒಂದಿಷ್ಟು ಹೊತ್ಕೊಂಡವ್ರೆ, ನಂಗೆ ಕಷ್ಟ ಆಗ್ಬಾರ್ದು ಅಂತ. ಹಂಗಂದ್ಕೊಂಡಿದ್ದೆ.”

ದಾರದ್ದೇ ಎಂದು ಹೇಗೆ ಹೇಳುವುದು, ನಿಜವಾಗಿಯೂ ಹಗುರವಾಗಿದ್ದಿರಬಹುದು, ನಮಗೆ ಗೊತ್ತಿಲ್ಲವಲ್ಲ ಎಂದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು ನಕ್ಕರು, ಕಣ್ಣು ಒದ್ದೆಯಾಗಿತ್ತು. ಎದ್ದು ಹೋಗಿ, ಕಪಾಟಿನ ಕೆಳಗಿನ ಸಾಲಿನಿಂದ ತಮ್ಮ ಕೈಬರಹದ ಎಲ್ಲಕ್ಕಿಂತ ಹಳೆಯ ಪುಸ್ತಕವನ್ನು ಎಳೆದು ತೆಗೆದು, ಧೂಳು ಒರೆಸಿ ಮೊದಲನೆಯ ಹಾಳೆ ಬಿಚ್ಚಿದರು. ಅಂಚಿನಲ್ಲಿ ಏನೆಂದು ಬರೆಯುವುದು, ನೀನೇ ಹೇಳು ಅಂದರು. ನಾನು ಹೇಳುತ್ತ ಹೋದೆ, ಅವರು ದುಂಡಗೆ ಬರೆದರು: ಇಲ್ಲಿಂದ ಎಂಟು ತಿಂಗಳು ದಾರ ಉದ್ದವಿದ್ದಿರಬಹುದು. ಕಟ್ಟಿದವಳು ಸರ್ವಮಂಗಳ.